ಬಾಕ್ಸ್ ಸೆಟ್ಟೋ, ಬಿಡಿ ಸಿಂಗಲ್ಲೋ? ಕರಾವಳಿಯ ಸಂಗ್ರಾಹಕರ ಚರ್ಚೆ

ಬಿಜೈ ಶೆಟ್ಟಿ:
ಎಲೆಕ್ಟ್ರಾನಿಕ್ ಮತ್ತು ನೃತ್ಯ ಸಂಗೀತವನ್ನು ಸಂಗ್ರಹಿಸಲು ಹೊಸದಾಗಿ ತೊಡಗುವವರಿಗೆ ನನ್ನ ಸಲಹೆ ಒಂದೇ. ಸಂಕಲನ ಮತ್ತು ಹಲವು ಡಿಸ್ಕ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುವ ಬಾಕ್ಸ್ ಸೆಟ್‌ಗಳಿಂದ ಆರಂಭಿಸಿರಿ, ಒಂದೆರಡು ಹಾಡುಗಳಷ್ಟೇ ಇರುವ ಹನ್ನೆರಡು ಇಂಚಿನ ಬಿಡಿ ಸಿಂಗಲ್ ರೆಕಾರ್ಡುಗಳ ಬೆನ್ನು ಹತ್ತಬೇಡಿ. ಈ ಸಂಗೀತದ ಚರಿತ್ರೆಯನ್ನು ರೂಪಿಸಿದ್ದೇ ಸಂಕಲನಗಳು. 1988ರಲ್ಲಿ ಬ್ರಿಟನ್ನಿನ ನೀಲ್ ರಷ್ಟನ್ ಅಮೆರಿಕದ ಡೆಟ್ರಾಯಿಟ್‌ನ ಹಾಡುಗಳನ್ನು ಒಟ್ಟು ಮಾಡಿ ‘ಟೆಕ್ನೋ! ದ ನ್ಯೂ ಡ್ಯಾನ್ಸ್ ಸೌಂಡ್ ಆಫ್ ಡೆಟ್ರಾಯಿಟ್’ ತಂದದ್ದರಿಂದಲೇ ಯಂತ್ರಗಳ ನಾದ, ತಾಳದಿಂದ ಕಟ್ಟುವ ಟೆಕ್ನೋ ಎಂಬ ಆ ನೃತ್ಯ ಸಂಗೀತದ ಹೆಸರು ಹೊರಜಗತ್ತಿನಲ್ಲಿ ನೆಲೆಯೂರಿತು. 1992ರಲ್ಲಿ ಬ್ರಿಟನ್ನಿನ ವಾರ್ಪ್ ರೆಕಾರ್ಡ್ ಸಂಸ್ಥೆಯ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಸಂಕಲನ ಬಂದ ಮೇಲೆ ಟೆಕ್ನೋವನ್ನು ಕುಣಿಯದೆ, ಮನೆಯಲ್ಲಿ ಕುಳಿತೂ ಕೇಳಬಹುದೆಂಬ ಮಾತಿಗೆ ಬಲ ಬಂತು. ಲಂಡನ್ನಿನ ಫ್ಯಾಬ್ರಿಕ್ ಕ್ಲಬ್ಬು 2001ರಿಂದ 2018ರವರೆಗೆ ಎರಡು ಸರಣಿಗಳಲ್ಲಿ ತಲಾ ನೂರರಂತೆ ತಂದ, ಡಿಜೆಗಳು ಹಾಡಿಗೆ ಹಾಡು ಬೆಸೆದು ಮಾಡಿದ ಮಿಕ್ಸ್ ಸಿ.ಡಿ.ಗಳನ್ನು ಕ್ರಮವಾಗಿ ಕೇಳಿದರೆ ಅಷ್ಟೂ ವರ್ಷಗಳಲ್ಲಿ ರುಚಿ ಹೇಗೆ ಬದಲಾಯಿತೆಂಬುದು ತಿಳಿಯುತ್ತದೆ. ಬಿಡಿ ಸಿಂಗಲ್ ತರಿಸುವವರು ಹಾಡಿಗಿಂತ ಅಂಚೆಗೇ ಹೆಚ್ಚು ತೆರುತ್ತಾರೆ. ಮೌಲ್ಯದ ಮಾತಿಗೆ ಬಂದರೆ, ಜರ್ಮನಿಯ ಎಲೆಕ್ಟ್ರಾನಿಕ್ ತಂಡ ಕ್ರಾಫ್ಟ್‌ವರ್ಕ್‌ನ ಎಂಟು ಆಲ್ಬಮ್‌ಗಳ 2009ರ ‘ದ ಕ್ಯಾಟಲಾಗ್’ ಸಿ.ಡಿ. ಪೆಟ್ಟಿಗೆ ನನ್ನ ಕಪಾಟಿನಲ್ಲಿ ಇಂದಿಗೂ ಸೀಲ್ ಒಡೆಯದೆ ಇದೆ.

ಕಲ್ಯಾಣಪುರ ಡಿಸೋಜ:
ಶೆಟ್ರೆ, ‘ಚರಿತ್ರೆಯನ್ನು ರೂಪಿಸಿದ್ದೇ ಸಂಕಲನಗಳು’ ಎಂದಿರಿ. ಡೆಟ್ರಾಯಿಟ್‌ನಿಂದ ಬಂದವುಗಳಲ್ಲಿ ಎಲ್ಲಕ್ಕಿಂತ ಹೆಸರಾದ ‘ಸ್ಟ್ರಿಂಗ್ಸ್ ಆಫ್ ಲೈಫ್’ 1987ರಲ್ಲಿ ಹನ್ನೆರಡು ಇಂಚಿನ ಸಿಂಗಲ್ ಆಗಿ ಬಂದದ್ದು. ನೀವು ಹೇಳುವ ಸಂಕಲನದಲ್ಲಿ ಅದು ಇಲ್ಲವೇ ಇಲ್ಲ. ಇದು ಯಾವ ಬಗೆಯ ಚರಿತ್ರೆ? ಇನ್ನು ನಾದದ ವಿಷಯ. ನಿಮಿಷಕ್ಕೆ 45 ಸುತ್ತು ತಿರುಗುವ ಸಿಂಗಲ್‌ನಲ್ಲಿ ಒಂದು ಬದಿಗೆ ಒಂದೇ ಹಾಡು ಇರುವುದರಿಂದ ಗೆರೆಗಳನ್ನು ಅಗಲವಾಗಿ ಕೊರೆಯಲು ಜಾಗ ಸಿಗುತ್ತದೆ, ಬಾಸ್ ತುಂಬಿ ಬರುತ್ತದೆ. ಸಂಕಲನದ ಎಲ್.ಪಿ.ಯಲ್ಲಿ ನಾಲ್ಕೈದು ಹಾಡುಗಳನ್ನು ಒಂದೇ ಬದಿಗೆ ತುರುಕಿದಾಗ ಕೊರೆಯುವವರು ಧ್ವನಿಯ ಮಟ್ಟವನ್ನೂ ಬಾಸನ್ನೂ ತಗ್ಗಿಸಲೇಬೇಕಾಗುತ್ತದೆ. ಕುಣಿಯಲೆಂದು ಮಾಡಿದ ಸಂಗೀತದಲ್ಲಿ ಬಾಸ್ ಕಳೆದರೆ ಉಳಿಯುವುದೇನು?

ಮಣಿಪಾಲದ ರಶ್ಮಿ:
ಬಾಸ್ ಹಾಗಿರಲಿ, ‘ಸೀಲ್ ಒಡೆಯದೆ ಇದೆ’ ಎಂದು ಶೆಟ್ಟರು ಹೆಮ್ಮೆಯಿಂದ ಬರೆದಿದ್ದಾರಲ್ಲ, ಅದೂ ನಮ್ಮ ಕರಾವಳಿಯಲ್ಲಿ! ಮಳೆ ಬಿಡದ ಆಟಿ ತಿಂಗಳಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುವ ಊರು ಇದು. ಆ ಪೆಟ್ಟಿಗೆಯಲ್ಲಿರುವುದು ರಟ್ಟಿನ ಲಕೋಟೆಗಳಲ್ಲಿ ಇಟ್ಟ ಡಿಸ್ಕ್‌ಗಳು ಮತ್ತು ದೊಡ್ಡ ಗಾತ್ರದ ಪುಸ್ತಿಕೆಗಳು, ಅಂದರೆ ಪಸೆಯನ್ನು ಹೀರುವ ಕಾಗದವೇ. ತೆಗೆದು ನೋಡದ ಪೆಟ್ಟಿಗೆಯೊಳಗೆ ಏನಾಗಿದೆ ಎಂದು ಅವರಿಗೆ ಹೇಗೆ ಗೊತ್ತು?

ಬಿಜೈ ಶೆಟ್ಟಿ:
ರಶ್ಮಿಯವರೆ, ಸೀಲ್ ಎಂದರೆ ಪ್ಲಾಸ್ಟಿಕ್ಕು. ಒಳಗಿರುವುದು ಕಾರ್ಖಾನೆಯ ಒಣ ಗಾಳಿ. ಜೂನ್ ತಿಂಗಳಲ್ಲಿ ಪೆಟ್ಟಿಗೆಯನ್ನು ತೆರೆದು, ಒದ್ದೆ ಗಾಳಿಯನ್ನು ಒಳಗೆ ಬಿಟ್ಟು, ಮತ್ತೆ ಮುಚ್ಚಿಡುವ ನಿಮ್ಮಂಥವರ ಸಂಗ್ರಹಕ್ಕೇ ಬೂಷ್ಟು ಹಿಡಿಯುವುದು. ಡಿಸೋಜರಿಗೆ ಒಂದು ಮಾತು. ಡೆಟ್ರಾಯಿಟ್‌ನ ಇನ್ನರ್ ಸಿಟಿ ತಂಡದ ‘ಬಿಗ್ ಫನ್’ ಆ 1988ರ ಸಂಕಲನಕ್ಕೆಂದು ಆಯ್ಕೆಯಾದ ಮೇಲೆಯೇ ಸಿಂಗಲ್ ಆಗಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಹತ್ತರೊಳಗೆ ಬಂದದ್ದು. ಅದರ ಬಗ್ಗೆ ಅವರು ಬರೆಯುವುದಿಲ್ಲ.

ಮಣಿಪಾಲದ ರಶ್ಮಿ:
‘ಕಾರ್ಖಾನೆಯ ಒಣ ಗಾಳಿ’ ಇಷ್ಟು ವರ್ಷ ಅಲ್ಲಿಯೇ ಕುಳಿತಿರಲು ಅದೇನು ಬಾಡಿಗೆ ಕರಾರು ಮಾಡಿಕೊಂಡಿದೆಯೇ? ಆ ತೆಳು ಪ್ಲಾಸ್ಟಿಕ್ ಹಾಳೆ ನೀರಿನ ಆವಿಯನ್ನು ನಿಧಾನವಾಗಿಯಾದರೂ ಒಳಬಿಡುತ್ತದೆ. ಬಿಸಿಯಲ್ಲಿ ಕುಗ್ಗಿಸುವಾಗ ಗಾಳಿ ಹೊರಹೋಗಲೆಂದು ಎಷ್ಟೋ ಸಲ ಅದರಲ್ಲಿ ಸೂಜಿಮೊನೆಯಷ್ಟು ತೂತುಗಳನ್ನೂ ಬಿಟ್ಟಿರುತ್ತಾರೆ. ಬೆಳಕಿಗೆ ಹಿಡಿದು ನೋಡಿ. ಮಳೆಗಾಲದಲ್ಲಿ ಒಳಹೊಕ್ಕ ಪಸೆ ಬೇಗ ಹೊರಬರಲು ದಾರಿಯಿಲ್ಲದೆ ರಟ್ಟಿನಲ್ಲಿಯೇ ಉಳಿಯುತ್ತದೆ.

ಕೊಡಿಯಾಲ್‌ಬೈಲ್ ಪೈ:
ಇಬ್ಬರೂ ಮಳೆಯ ಮೇಲೆ ತಪ್ಪು ಹೊರಿಸುತ್ತಿದ್ದೀರಿ. ಸಿ.ಡಿ.ಯನ್ನು ಕೆಡಿಸಲು ಮಳೆಯೇ ಬೇಕೆಂದಿಲ್ಲ. 1988ರಿಂದ 1993ರವರೆಗೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಪಿ.ಡಿ.ಒ. ಕಾರ್ಖಾನೆಯಲ್ಲಿ ತಯಾರಾದ ಅನೇಕ ಡಿಸ್ಕ್‌ಗಳು ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು. ಜತೆಗಿದ್ದ ಪುಸ್ತಿಕೆಯ ಕಾಗದದಲ್ಲಿನ ಗಂಧಕವನ್ನು ತಡೆಯುವ ಶಕ್ತಿ ಡಿಸ್ಕಿನ ಮೇಲೆ ಬಳಿದ ಲೇಪಕ್ಕೆ ಇರಲಿಲ್ಲ. ಒಳಗಿನ ಲೋಹದ ಪದರ ಅಂಚಿನಿಂದ ಕೆಡುತ್ತಾ ಬಂತು. ಟೆಕ್ನೋ ಸಂಕಲನಗಳು ಸಿ.ಡಿ.ಯಲ್ಲಿ ಧಾರಾಳವಾಗಿ ಬರತೊಡಗಿದ್ದೂ ಆ ವರ್ಷಗಳಲ್ಲಿಯೇ. ಆ ಕಾಲದ ಪೆಟ್ಟಿಗೆಯನ್ನು ಸೀಲ್ ಒಡೆಯದೆ ಇಡುವುದೆಂದರೆ ಡಿಸ್ಕನ್ನೂ ಅದರ ಶತ್ರುವನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದಂತೆ.

ಬಿಜೈ ಶೆಟ್ಟಿ:
ಪೈಗಳೇ, ನನ್ನ ಪೆಟ್ಟಿಗೆ 2009ರದು. 1993ಕ್ಕೂ ಅದಕ್ಕೂ ಏನು ಸಂಬಂಧ?

ಕಲ್ಯಾಣಪುರ ಡಿಸೋಜ:
‘ಸಿ.ಡಿ.ಯನ್ನು ಕೆಡಿಸಲು ಮಳೆಯೇ ಬೇಕೆಂದಿಲ್ಲ’ ಎಂದು ಪೈಗಳು ಒಪ್ಪಿಕೊಂಡಂತಾಯಿತು. ವಿನೈಲ್ ರೆಕಾರ್ಡಿಗೆ ಈ ರೋಗವಿಲ್ಲ. ಬೂಷ್ಟು ಬಂದರೂ ಶುದ್ಧೀಕರಿಸಿದ ನೀರಿಗೆ ತುಸು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ಜಾಡಿನಲ್ಲಿಯೇ ಒರೆಸಿದರೆ ಹೋಗುತ್ತದೆ.

ಮಣಿಪಾಲದ ರಶ್ಮಿ:
‘ಈ ರೋಗವಿಲ್ಲ’ವಂತೆ. ಮೆತ್ತನೆಯ ಪಿ.ವಿ.ಸಿ. ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ರೆಕಾರ್ಡಿನ ಮೇಲೆ, ಆ ಹೊದಿಕೆಯಲ್ಲಿನ ಎಣ್ಣೆಯಂಥ ಅಂಶ ಇಳಿದು ಮಂಜು ಕವಿದಂತಾಗುವುದನ್ನು ಡಿಸೋಜರು ಕಂಡಿಲ್ಲವೆಂದು ತೋರುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ, ಕರಕರ ಸದ್ದು ಉಳಿದೇ ಬಿಡುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಗೆ ಅದು ಇನ್ನೂ ಬೇಗ ಆಗುತ್ತದೆ. ಅದಿರಲಿ, ಶೆಟ್ಟರು ತೂತುಗಳನ್ನು ನೋಡಿದರೇ?

ಬಿಜೈ ಶೆಟ್ಟಿ:
ನಾನು ನನ್ನ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ಯಾರಿಗೂ ಪರೀಕ್ಷೆ ಕೊಡಬೇಕಾಗಿಲ್ಲ, ಮಾರಾಯರೆ! ಕಪಾಟಿನಲ್ಲಿ ಪಸೆ ಹೀರುವ ಸಿಲಿಕಾ ಜೆಲ್ ಇಟ್ಟಿದ್ದೇನೆ, ಮಳೆಗಾಲವಿಡೀ ಬಲ್ಬು ಉರಿಸುತ್ತೇನೆ. ನೀವು ಯಾರೂ ನನ್ನ ಮನೆಗೆ ಬಂದು ನೋಡಿದವರಲ್ಲ, ಆದರೂ ತೀರ್ಪು ಕೊಡಲು ಎಲ್ಲರಿಗಿಂತ ಮುಂದೆ!

ಕೊಡಿಯಾಲ್‌ಬೈಲ್ ಪೈ:
ಬಲ್ಬು ಯಾವುದು? ಹಿಂದೆ ಹಾರ್ಮೋನಿಯಂ, ಕ್ಯಾಮೆರಾ ಇಟ್ಟ ಕಪಾಟಿನಲ್ಲಿ ಉರಿಸುತ್ತಿದ್ದದ್ದು ತಂತಿಯ ಬಲ್ಬು. ಅದರ ಶಾಖಕ್ಕೆ ಒಳಗಿನ ಗಾಳಿ ಒಣಗುತ್ತಿತ್ತು. ಈಗಿನ ಎಲ್.ಇ.ಡಿ. ಬಲ್ಬು ಉರಿಸಿದರೆ ಬೂಷ್ಟು ಬೆಳೆಯುವುದು ಚೆನ್ನಾಗಿ ಕಾಣುತ್ತದೆ, ಅಷ್ಟೇ. ಸಿಲಿಕಾ ಜೆಲ್ಲಿನ ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೆ ಬಿಸಿ ಮಾಡಿ ಮತ್ತೆ ನೀಲಿಯಾಗಿಸದಿದ್ದರೆ ಅವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಬಿಜೈ ಶೆಟ್ಟಿ:
ತಂತಿಯ ಬಲ್ಬೇ.

ಕಾಪು ಸಾಗರ್:
ಕಪಾಟಿನ ಪುರಾಣ ಮುಗಿದಿದ್ದರೆ ಒಂದು ಮಾತು ಹೇಳುತ್ತೇನೆ. ನಮ್ಮ ದೇಶದ ಎಲೆಕ್ಟ್ರಾನಿಕ್ ಸಂಗೀತ ನಮಗೆ ಸಿಕ್ಕಿದ್ದೇ ಹಳೆಯದನ್ನು ಹುಡುಕಿ ಮತ್ತೆ ಹೊರತಂದವರಿಂದ. ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್.ಐ.ಡಿ.) 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್, ವಿದ್ಯುತ್ತಿನಿಂದ ನಾದ ಹುಟ್ಟಿಸುವ ಮೂಗ್ ಸಿಂಥಸೈಜರ್ ಸ್ಥಾಪಿಸಿದ ಮೇಲೆ ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಜಿನರಾಜ್ ಜೋಶಿಪುರ ಮೊದಲಾದವರು ಮಾಡಿದ ಧ್ವನಿಮುದ್ರಣಗಳು ದಶಕಗಳ ಕಾಲ ಸಂಸ್ಥೆಯಲ್ಲಿಯೇ ಉಳಿದಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವುಗಳನ್ನು ಹುಡುಕಿ, 2023ರಲ್ಲಿ ‘ದ ಎನ್.ಐ.ಡಿ. ಟೇಪ್ಸ್’ ಎಂಬ ಸಂಕಲನವನ್ನು ತಂದ ಮೇಲೆಯೇ ನಮ್ಮಂಥವರು ಕೇಳಿದ್ದು. ಮುಂಬೈಯ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಟಿಬಿ-303 ಯಂತ್ರದ ಬಾಸ್, ಟಿಆರ್-808 ಯಂತ್ರದ ತಾಳದ ಜತೆಗೆ ರಾಗಗಳನ್ನು ನುಡಿಸಿ ಮಾಡಿದ ರೆಕಾರ್ಡು ಕೂಡ 2010ರ ಮರುಮುದ್ರಣದಿಂದಲೇ ಲೋಕದ ಕಿವಿಗೆ ಬಿತ್ತು. ಮೂಲ ಪ್ರತಿಯೇ ಬೇಕೆಂದು ಹಟ ಹಿಡಿಯುವ ಡಿಸೋಜರು ಇವನ್ನೆಲ್ಲ ಎಲ್ಲಿಂದ ತರುತ್ತಾರೆ?

ಕಲ್ಯಾಣಪುರ ಡಿಸೋಜ:
‘ಮರುಮುದ್ರಣ’ ಎಂದು ನೀವೇ ಬರೆದಿರಿ. ಚರಣ್‌ಜಿತ್ ಸಿಂಗ್ ಅವರದು ಒಂದೇ ಆಲ್ಬಮ್, ಸಂಕಲನವೂ ಅಲ್ಲ, ಬಾಕ್ಸ್ ಸೆಟ್ಟೂ ಅಲ್ಲ. ಹಾಗಾಗಿ ಅದು ನನ್ನ ವಾದಕ್ಕೇ ಸಾಕ್ಷಿ.

ಕಾಪು ಸಾಗರ್:
ಅಹಮದಾಬಾದ್‌ನ ಟೇಪುಗಳ ಬಗ್ಗೆ ತುಟಿ ಬಿಚ್ಚಲಿಲ್ಲ.

ಕಲ್ಯಾಣಪುರ ಡಿಸೋಜ:
ಅದು ಪ್ರಯೋಗಶಾಲೆಯ ಸಂಗೀತ, ಅದಕ್ಕೆ ಯಾರು ಕುಣಿಯುತ್ತಾರೆ?

ಮಣಿಪಾಲದ ರಶ್ಮಿ:
ಕುಣಿಯದ ಸಂಗೀತವೂ ಲೆಕ್ಕಕ್ಕೆ ಬರುತ್ತದೆ ಎಂದು ಶೆಟ್ಟರೇ ಮೊದಲು ಬರೆದಿದ್ದಾರೆ. ಅಷ್ಟರ ಮಟ್ಟಿಗೆ ಅವರ ಪಕ್ಷ. ಬ್ರಿಟನ್ನಿನ ಸಂಗೀತಗಾರ ಏಫೆಕ್ಸ್ ಟ್ವಿನ್‌ನ ಕುಳಿತು ಕೇಳುವ ಆಲ್ಬಮ್ ‘ಸೆಲೆಕ್ಟೆಡ್ ಆಂಬಿಯೆಂಟ್ ವರ್ಕ್ಸ್’ನ ಎರಡನೆಯ ಭಾಗ 1994ರಲ್ಲಿ ಬಂದಾಗ ‘ಸ್ಟೋನ್ ಇನ್ ಫೋಕಸ್’ ಎಂದು ಕೇಳುಗರು ಕರೆಯುವ ತುಣುಕು ಸಿ.ಡಿ.ಯಲ್ಲಿ ಇರಲಿಲ್ಲ. ಅದೇ ವರ್ಷದ ‘ಎಕ್ಸ್‌ಕರ್ಷನ್ಸ್ ಇನ್ ಆಂಬಿಯೆನ್ಸ್’ ಸರಣಿಯ ಮೂರನೆಯ ಸಂಕಲನದಲ್ಲಿ ಅದು ಸಿಕ್ಕಿತು. ಮೂಲ ಆಲ್ಬಮ್‌ನ ವಿಸ್ತೃತ ಆವೃತ್ತಿ ಬಂದದ್ದು 2024ರಲ್ಲಿ. ನಡುವಿನ ಮೂವತ್ತು ವರ್ಷ ಸಿ.ಡಿ. ಕೇಳುವವರಿಗೆ ಆಸರೆಯಾದದ್ದು ಒಂದು ಸಂಕಲನ.

ಬಿಜೈ ಶೆಟ್ಟಿ:
ನಾನು ಮೊದಲಿನಿಂದ ಹೇಳುತ್ತಿರುವುದೂ ಇದನ್ನೇ. ಇದನ್ನು ಮೊದಲೇ ಬರೆದಿದ್ದರೆ ಬಲ್ಬಿನ ವಿಚಾರಣೆ ಬೇಕಾಗಿರಲಿಲ್ಲ.

ಕಲ್ಯಾಣಪುರ ಡಿಸೋಜ:
‘ಸಿ.ಡಿ.ಯಲ್ಲಿ ಇರಲಿಲ್ಲ’ ಎಂಬಷ್ಟನ್ನು ಮಾತ್ರ ರಶ್ಮಿಯವರು ಬರೆದಿದ್ದಾರೆ. ಆ ತುಣುಕು 1994ರ ವಿನೈಲ್‌ನಲ್ಲಿ ಇತ್ತು. ಸಿ.ಡಿ. ಕೊಂಡವರಿಗಾದ ಕೊರತೆಗೆ ವಿನೈಲ್ ಕೊಂಡವರು ಉತ್ತರ ಕೊಡಬೇಕಾಗಿಲ್ಲ.