ರಷ್ಯನ್ ತೃತೀಯಾ ವಿಭಕ್ತಿ: ಕನ್ನಡದ ‘ಇಂದ’ ಸಾಕಾಗುತ್ತಾ?

ಹಾಸನದವಳು: ಸೆಪ್ಟೆಂಬರ್‌ನಲ್ಲಿ ಮೆಡಿಕಲ್ ಓದಲು ರಷ್ಯಾದ ಕಜಾನ್‌ಗೆ ಹೋಗುತ್ತಿದ್ದೇನೆ. ಷಷ್ಠಿ ಹೇಗೋ ಕೈಗೆ ಹತ್ತಿತು. ತೃತೀಯಾ, ಅದೇ ತ್ವರೀತೆಲ್ನಿ, ತಲೆಗೆ ಹೋಗುತ್ತಿಲ್ಲ. ನಮ್ಮ ‘ಇಂದ’ ಹಿಡಿದುಕೊಂಡು ಕಲಿಯಬಹುದಾ?

ವೋಲ್ಗಾ ಡಾಕ್ಟರ್: ‘ಇಂದ’ ನಂಬಬೇಡಿ. ಪೆನ್ನಿನಿಂದ ಬರೆದೆ ಅಂದರೆ ರೂಚ್ಕಯ್, ತೃತೀಯಾ. ಕಜಾನ್‌ನಿಂದ ಬಂದೆ ಅಂದರೆ ಇಜ್ ಕಜಾನಿ, ಅದು ಷಷ್ಠಿ. ನಾನು ಹೊರಡುವ ಮೊದಲು ಒಂದು ಆನ್‌ಲೈನ್ ಕೋರ್ಸಿಗೆ 24,000 ರೂಪಾಯಿ ಕಟ್ಟಿದೆ. ಪುಸ್ತಕಕ್ಕೆ ಬೇರೆ 1,850. ಕೊರಿಯರ್ ಖರ್ಚೂ ನನ್ನದೇ. ಕಲಿಸಿದ್ದು ಬರೀ ತೃತೀಯಾ ಪ್ರತ್ಯಯಗಳ ಪಟ್ಟಿ: ಓಮ್, ಒಯ್, ಯು, ಆಮಿ. ವಾರ್ಡಿನಲ್ಲಿ ರೋಗಿಯನ್ನು ‘ಚೆಮ್ ಬಲೇಲಿ?’ ಅಂತ ಕೇಳಬೇಕು, ಹಿಂದೆ ಏನು ಕಾಯಿಲೆ ಬಂದಿತ್ತು ಅಂತ. ಅಜ್ಜಿಯರು ‘ಕೋರ್ಯು, ವೆತ್ರ್ಯಾಂಕಯ್’ ಅನ್ನುತ್ತಾರೆ. ದಡಾರ, ಸೀತಾಳೆ. ಎರಡೂ ತೃತೀಯಾ. ಆ ಕೋರ್ಸಿನಲ್ಲಿ ಇದರ ಸುಳಿವೇ ಇರಲಿಲ್ಲ. ದುಡ್ಡು ವಾಪಸ್ ಕೇಳಿದರೆ ಉತ್ತರವೂ ಇಲ್ಲ.

ಹಳೇ ಮೈಸೂರು: ನಾನು ಸೋವಿಯತ್ ಕಾಲದಲ್ಲಿ ಮಾಸ್ಕೋದಲ್ಲಿ ಓದಿದವನು. ಏಳು ವಿಭಕ್ತಿ ಕಲಿತ ಕನ್ನಡದವರಿಗೆ ಆರು ಯಾಕೆ ಭಾರ? ‘ಇಂದ’ ಬಿಡಿ, ‘ಆಗಿ’ ಹಿಡಿಯಿರಿ. ಡಾಕ್ಟರ್ ಆಗಿ ಕೆಲಸ ಮಾಡುತ್ತೇನೆ: ರಬೋತಯು ವ್ರಚೋಮ್. ಡಾಕ್ಟರ್ ಆಗಿದ್ದರು: ಬಿಲ್ ವ್ರಚೋಮ್. ಈಗ ಡಾಕ್ಟರ್ ಅಂದರೆ ಸುಮ್ನೆ ಒನ್ ವ್ರಾಚ್. ಇಂಗ್ಲಿಷ್ ಮೂಲಕ ಕಲಿತವರಿಗೆ ಇದು ಹೊಳೆಯುವುದಿಲ್ಲ. ಕೋರ್ಸಿಗೆ ದುಡ್ಡು ಸುರಿಯುವುದು ಈಗಿನವರ ಚಟ.

ವೋಲ್ಗಾ ಡಾಕ್ಟರ್: ಚಟ ಅಲ್ಲ ಸಾರ್. ನಿಮಗೆ ಅವರ ಸರ್ಕಾರವೇ ಸ್ಕಾಲರ್‌ಷಿಪ್ ಕೊಡುತ್ತಿತ್ತು, ಭಾಷೆ ಕಲಿಯೋಕೇ ಮೊದಲ ವರ್ಷ ಬಿಡುತ್ತಿತ್ತು. ನಮ್ಮಪ್ಪ ಸೈಟ್ ಮಾರಿ ಕಳಿಸಿದ್ದು. ‘ಚೆನ್ನಾಗಿ’ಯಲ್ಲೂ ಆಗಿ ಇದೆ, ಅಲ್ಲೂ ತೃತೀಯಾ ಹಾಕಬೇಕಾ?

ಹಳೇ ಮೈಸೂರು: ನಾಮಪದದ ಮಾತು ನಡೆಯುತ್ತಿದೆ ಕಣಮ್ಮ. ಓದಿ ಉತ್ತರ ಕೊಡಿ.

ತರ್ಜುಮೆಯವಳು: ‘ಜೊತೆ’ ಅನ್ನುವ ಅರ್ಥದ ‘ಸ್’ ಯಾರೂ ಎತ್ತಲಿಲ್ಲ. ‘ನಝೋಮ್’ ಅಂದರೆ ಚಾಕುವಿನಿಂದ. ‘ಸ್ ನಝೋಮ್’ ಅಂದರೆ ಚಾಕು ಇಟ್ಟುಕೊಂಡು. ಯಂತ್ರದ ಕೈಪಿಡಿಯೊಂದರಲ್ಲಿ ನಾನು ‘ಸ್ಪ್ಯಾನರ್‌ನಿಂದ ಬಿಗಿ ಮಾಡಿ’ ಅನ್ನುವುದಕ್ಕೆ ಕ್ಲ್ಯುಚೋಮ್ ಅಂತ ಸರಿಯಾಗೇ ಬರೆದಿದ್ದೆ. ಏಜೆನ್ಸಿಯವರು ‘ಸ್’ ಸೇರಿಸಿ ತಿದ್ದಿದರು. ಗ್ರಾಹಕರು ಬೈದ ಮೇಲೆ ನನ್ನ ಬಿಲ್ಲಿನಲ್ಲೇ 6,400 ಕಡಿದರು! ಮೂಲ ಫೈಲ್ ಕಳಿಸಿ ತೋರಿಸಿದೆ, ಆ ದುಡ್ಡು ಇವತ್ತಿಗೂ ಬಂದಿಲ್ಲ. ಕ್ರಿಯಾಪದಗಳ ಕಾಟ ಇನ್ನೂ ಜಾಸ್ತಿ. ನಾವು ‘ಫೋನನ್ನು ಬಳಸು’ ಅನ್ನುತ್ತೇವೆ. ಅಲ್ಲಿ ಪೋಲ್ಜವತ್ಸ್ಯ (ಬಳಸು) ಬಂದರೆ ಫೋನ್ ತೃತೀಯಾಗೆ ಹೋಗಬೇಕು. ಜನಿಮಾತ್ಸ್ಯ (ತೊಡಗು), ಇಂತೆರೆಸವಾತ್ಸ್ಯ (ಆಸಕ್ತಿ ವಹಿಸು), ಗರ್ದೀತ್ಸ್ಯ (ಹೆಮ್ಮೆಪಡು) ಎಲ್ಲ ಹಾಗೇ. ಕ್ರಿಯಾಪದದ ಜೊತೆಗೇ ವಿಭಕ್ತಿ ಕಲಿಯಬೇಕು. ‘ಇಂದ’, ‘ಆಗಿ’ ಎರಡೂ ಇಲ್ಲಿ ಉಪಯೋಗಕ್ಕಿಲ್ಲ.

ಹಳೇ ಮೈಸೂರು: ಅದು ಆಮೇಲಿನ ಪಾಠ. ಬುನಾದಿಗೆ ‘ಆಗಿ’ ಸಾಕು.

ಬೀದರ್ ಹುಡುಗ: ಅಕ್ಕಾ, ಏಜೆನ್ಸಿಗೆ ಯಾಕೆ ದುಡಿತೀರಿ? ನಾನು ನೇರ ಗ್ರಾಹಕರನ್ನೇ ಹಿಡಿದಿದ್ದೇನೆ. ಪೂರ್ತಿ ದುಡ್ಡು ಕೈಗೆ ಬರುತ್ತೆ.

ತರ್ಜುಮೆಯವಳು: ಯಾವ ದೇಶದ ಗ್ರಾಹಕರು? ರಷ್ಯಾದವರಾದರೆ ಯಾವ ಬ್ಯಾಂಕಿನಿಂದ ಕಳಿಸುತ್ತಾರೆ ಹೇಳಿ. 2022ರಿಂದ ಅಲ್ಲಿನ ಎಷ್ಟೋ ಬ್ಯಾಂಕುಗಳು, ದೇಶದಿಂದ ದೇಶಕ್ಕೆ ಹಣ ಕಳಿಸಲು ಬೇಕಾದ ಸಂದೇಶ ಜಾಲ ಸ್ವಿಫ್ಟ್‌ನಲ್ಲೇ ಇಲ್ಲ. ನನ್ನ ಒಂದು ಬಿಲ್ ಅದರಲ್ಲೇ ಸಿಕ್ಕಿಕೊಂಡಿದೆ.

ಬೀದರ್ ಹುಡುಗ: ನನ್ನವರು ಕಜಾಕ್‌ಸ್ತಾನದವರು.

ತರ್ಜುಮೆಯವಳು: ಹಾಗಿದ್ದರೆ ಅದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ?