ಸ್ಪೀಕರ್ ಚುಚ್ತಿದ್ಯಾ, ಇಲ್ಲ ನನ್ನ ಕಿವಿಗೆ ಗೊತ್ತಾಗ್ತಿಲ್ವಾ?

ನಾದಪ್ರಿಯ:
ಹೊಸ ಸ್ಪೀಕರ್ ಜೋಡಿ ತಂದು ಹದಿನೈದು ದಿನ ಆಯ್ತು. ನನಗೆ 52, ಮಗಳಿಗೆ 20. ಅವಳು ಕೂತ ಎರಡೇ ನಿಮಿಷಕ್ಕೆ "ಅಪ್ಪಾ, ಸ ಶ ಬಂದಾಗೆಲ್ಲ ಕಿವಿಗೆ ಚುಚ್ಚತ್ತೆ" ಅಂತ ಎದ್ದು ಹೋಗ್ತಾಳೆ, ನನಗೆ ಹಂಗೇನೂ ಅನ್ಸಲ್ಲ, ಹಳೇದಕ್ಕಿಂತ ಹಾಡಿನ ಪದ ಬಿಡಿಬಿಡಿಯಾಗಿ ಕೇಳ್ಸತ್ತೆ. ಫೋನಲ್ಲಿ ಟೋನ್ ಹಾಕಿ ನೋಡಿದ್ವಿ, 12 ಕಿಲೋಹರ್ಟ್ಸ್ ದಾಟಿದ್ರೆ ನನಗೆ ಪೂರ್ತಿ ನಿಶ್ಶಬ್ದ, ಅವಳಿಗೆ 17ರವರೆಗೂ ಕೇಳತ್ತೆ. ಈಗ ಯಾರ ಮಾತು ನಂಬೋದು?

ಶ್ರುತಿಪೆಟ್ಟಿಗೆ:
ವಯಸ್ಸಾದಂಗೆ ಮೇಲಿನ ಫ್ರೀಕ್ವೆನ್ಸಿ, ಅಂದ್ರೆ ತೀರಾ ಕೀಚಲು ಸದ್ದು, ಮೊದ್ಲು ಹೋಗೋದು ಸಹಜ ಸರ್. ಆದ್ರೆ ಸ, ಶ ಜೋರು ಇರೋದು ಹೆಚ್ಚಾಗಿ 4ರಿಂದ 9 ಕಿಲೋಹರ್ಟ್ಸ್ ನಡುವೆ, ಅದಕ್ಕೆ 12ರ ಮೇಲಿಂದು ಕೇಳ್ದೇ ಇರೋದೇ ಕಾರಣ ಅನ್ನಕ್ಕಾಗಲ್ಲ. ಇನ್ನೊಂದು, ಎಲ್ರೂ ಮರೆಯೋ ವಿಷ್ಯ: ಕಿವಿಯ ಆಕಾರ ಒಬ್ಬೊಬ್ರದು ಒಂದೊಂದು ಥರ, ಕಿವಿ ನಾಳನೇ 3 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನ ಎತ್ತಿ ಕೊಡತ್ತೆ, ಆದ್ರೆ ಮಗಳು ಎದುರು ನಿಂತು ಮಾತಾಡಿದಾಗ್ಲೂ ನೀವು ಕೇಳೋದು ಅದೇ ಕಿವಿಲಿ ತಾನೇ? ಆ ನಿಜವಾದ ದನಿನೇ ನಿಮ್ಮ ಅಳತೆಗೋಲು, ಸ್ಪೀಕರ್ ಅದರ ಥರಾನೇ ಕೇಳ್ಸಬೇಕು. "ನನ್ನ ಕಿವಿ ಮಂದ, ಟ್ರೆಬಲ್ (ಕೀಚಲು ಸದ್ದು) ಜಾಸ್ತಿ ಇರೋ ಸ್ಪೀಕರೇ ಸರಿ" ಅನ್ನೋ ವಾದ ನಾನಂತೂ ಒಪ್ಪಲ್ಲ.

ಮಂದ್ರ:
ಮೇಲಿನವ್ರು ಹೇಳಿದ್ದು ಅರ್ಧ ಸರಿ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಧ್ವನಿ ಸಂಶೋಧಕ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಸ್ಪೀಕರ್ ಕಾಣ್ದಂಗೆ ಮರೆಮಾಡಿ ಜನ್ರಿಂದ ಅಂಕ ಹಾಕ್ಸಿದ್ರು. ಕಿವಿ ಚೆನ್ನಾಗಿರೋರ ಅಂಕ ಒಬ್ಬರಿಗೊಬ್ಬರು ಹತ್ರ ಹತ್ರ ಬಂತು, ಅಂದ್ರೆ ರುಚಿ ಅವರವರದು ಅನ್ನೋದು ನಾವಂದ್ಕೊಂಡಷ್ಟು ನಿಜ ಅಲ್ಲ. ಶ್ರವಣ ಕುಗ್ಗಿದೋರದ್ದೇ ತೊಂದ್ರೆ, ಅದೇ ಸ್ಪೀಕರ್‌ಗೆ ಒಂದ್ಸಲ ಒಂದು ಅಂಕ, ಇನ್ನೊಂದ್ಸಲ ಬೇರೆ. ಹಾಗಾಗಿ ಇಷ್ಟ ಆಯ್ತಾ ಅನ್ನೋದಕ್ಕಿಂತ ಪ್ರತಿ ಸಲ ಅದನ್ನೇ ಹೇಳ್ತೀರಾ ಅಂತ ನೋಡ್ಕೊಳಿ. ಹಳೇದು ಹೊಸದು ಎರಡ್ರದ್ದೂ ವಾಲ್ಯೂಮ್ ಮೀಟರ್ ಇಟ್ಟು ಸಮ ಮಾಡಿ, ಒಂಚೂರು ಜೋರಿದ್ರೂ ಅದೇ ಚೆನ್ನಾಗಿದೆ ಅನ್ಸತ್ತೆ, ಪರದೆ ಕಟ್ಟಿ, ಬೇರೆಯವ್ರು ಬದಲಾಯಿಸ್ಲಿ.

ಶ್ರುತಿಪೆಟ್ಟಿಗೆ:
ಹ್ಞಾಂ, ಅದು ನಾನು ಬಿಟ್ಬಿಟ್ಟಿದ್ದೆ. ಫೋನ್ ಟೋನ್ ನೆಚ್ಕೋಬೇಡಿ ಸರ್, ಒಂದು ಆಡಿಯೋಗ್ರಾಮ್, ಅಂದ್ರೆ ಯಾವ ಸದ್ದು ಎಷ್ಟು ಕೇಳತ್ತೆ ಅಂತ ನೋಡೋ ಕಿವಿ ಪರೀಕ್ಷೆ, ಮಾಡ್ಸಿ.

ನಾದಪ್ರಿಯ:
ಭಾನುವಾರ ಬೆಡ್‌ಶೀಟ್ ಕಟ್ಟಿ ಆರು ಸಲ ಮಾಡಿದ್ವಿ. ಮಗಳು ಆರೂ ಸಲ ಹಳೇದನ್ನೇ ಆರಿಸಿದ್ಳು, ನಾನು ಮೂರು ಸಲ ಅದು ಮೂರು ಸಲ ಇದು. ಬೇಜಾರಾಯ್ತು, ಸುಳ್ಳು ಹೇಳಲ್ಲ. ಆಡಿಯೋಗ್ರಾಮ್‌ಗೆ ಬುಕ್ ಮಾಡಿದೀನಿ, ಸದ್ಯಕ್ಕೆ ಹೊಸ ಸ್ಪೀಕರ್‌ನ ಸದ್ದನ್ನ 6 ಕಿಲೋಹರ್ಟ್ಸ್ ಹತ್ರ ಮೂರು ಡೆಸಿಬಲ್ ಇಳ್ಸಿದೀನಿ, ನಿನ್ನೆ ಅವಳು ಪೂರ್ತಿ ಒಂದು ಗಂಟೆ ನನ್ನ ಜೊತೆ ಕೂತು ಕೇಳಿದ್ಳು.