ಇಂಪ್ಯಾಕ್ಟ್ ಗನ್ ತಾನೇ ನಿಂತರೆ ನಟ್ ಸರಿಯಾಗಿ ಟೈಟ್ ಆಯ್ತು ಅಂತಲಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ, ಸಣ್ಣ ಗ್ಯಾರೇಜ್):
ನಮಸ್ಕಾರ ಅಣ್ಣ. ಎರಡು ತಿಂಗಳ ಹಿಂದೆ ನಟ್ ಬಿಗಿಯಲು, ಬಿಚ್ಚಲು ಬ್ಯಾಟರಿ ಇಂಪ್ಯಾಕ್ಟ್ ಗನ್ ತಗೊಂಡೆ. ಡಬ್ಬದ ಮೇಲೆ 500 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಅಂತ ಇದೆ. ಮೂರು ಮೋಡ್, ಜೊತೆಗೆ ತಾನೇ ನಿಲ್ಲುವ ಆಟೋ ಸ್ಟಾಪ್. ಮೊನ್ನೆ ಒಂದು ಕಾರಿನ ವೀಲ್ ಹಾಕುವಾಗ ಸ್ಟಡ್ (ನಟ್ ಕೂರುವ ಬೋಲ್ಟ್) ಕಟ್ಟಾಯ್ತು. ಅದೇ ಮೋಡಲ್ಲಿ ಹಾಕಿದ ಇನ್ನೊಂದು ಗಾಡಿ ಆಗುಂಬೆ ಘಾಟಿ ಇಳಿದು ಬಂದಾಗ ಎರಡು ನಟ್ ಲೂಸ್. ಗನ್ನಿನ ಎಲೆಕ್ಟ್ರಾನಿಕ್ಸ್ ಕೆಟ್ಟಿದೆಯಾ?

ಉತ್ತರ (ಶಿವಮೊಗ್ಗದಿಂದ, ಪವರ್ ಟೂಲ್ ರಿಪೇರಿ):
ಗನ್ ಕೆಟ್ಟಿರಲಿಕ್ಕಿಲ್ಲ ಮಾರಾಯ್ರೆ. ಒಂದು ಗಾಡಿಗೆ ಬಿಗಿ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಆಗಿದೆ, ಎರಡೂ ಒಂದೇ ಮೋಡಲ್ಲಿ. ಇಂಪ್ಯಾಕ್ಟ್ ಗನ್ ಇರುವುದೇ ಹಾಗೆ. ಅದರ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಗೊತ್ತಾದರೆ ಇನ್ನು ಸ್ಟಡ್ ಕಟ್ಟಾಗುವುದಿಲ್ಲ.

ಗನ್ ಬಿಚ್ಚಿದರೆ ಮುಂದೆ ಒಂದು ದಪ್ಪ ಸ್ಪ್ರಿಂಗ್, ಅದರ ಮುಂದೆ ಎರಡು ಕಿವಿ ಇರುವ ಸುತ್ತಿಗೆ, ಅದರ ಎದುರಿಗೆ ಸಾಕೆಟ್ ಕೂರುವ ಆನ್ವಿಲ್. ನಟ್ ಹಗುರವಾಗಿ ತಿರುಗುವ ತನಕ ಎಲ್ಲಾ ಒಟ್ಟಿಗೆ ತಿರುಗುತ್ತವೆ. ನಟ್ ಬಿಗಿಯಾದ ಕೂಡಲೇ ಸುತ್ತಿಗೆ ಸ್ಪ್ರಿಂಗ್ ಅದುಮಿಕೊಂಡು ಹಿಂದೆ ಸರಿದು, ಆನ್ವಿಲ್ಲಿನ ಕಿವಿ ದಾಟಿ, ಮುಂದೆ ಚಿಮ್ಮಿ ಹೊಡೆಯುತ್ತದೆ. ಪ್ರತಿ ಅರ್ಧ ಸುತ್ತು ತಿರುಗಿದಾಗ ಒಂದು ಏಟು. ನಿಮಿಷಕ್ಕೆ 3000 ಏಟು ಅಂತ ಬರೆದಿದ್ದರೆ ಸೆಕೆಂಡಿಗೆ 50 ಆಯ್ತು. ನೀವು ಟ್ರಿಗರ್ ಬಿಡುವುದು ಅರ್ಧ ಸೆಕೆಂಡ್ ತಡವಾದರೆ 25 ಏಟು ಜಾಸ್ತಿ ಬಿತ್ತು.

ಈಗ ಎಲೆಕ್ಟ್ರಾನಿಕ್ಸ್ ವಿಷಯ. ಸಾಮಾನ್ಯ ಡ್ರಿಲ್ಲಿನಲ್ಲಿ ಮೋಟರ್ ಎಳೆಯುವ ಕರೆಂಟ್ ನೋಡಿದರೆ ಸ್ಕ್ರೂ ಎಷ್ಟು ಬಿಗಿಯಾಯ್ತು ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಇಂಪ್ಯಾಕ್ಟ್ ಗನ್ನಲ್ಲಿ ಆ ದಾರಿ ಮುಚ್ಚಿಹೋಗುತ್ತದೆ. ಏಟು ಬೀಳಲು ಶುರುವಾದ ಮೇಲೆ ಮೋಟರಿಗೆ ಮುಖ್ಯ ಹೊರೆ ಆ ಸ್ಪ್ರಿಂಗ್ ಅದುಮುವುದು. ನಟ್ 80 ನ್ಯೂಟನ್ ಮೀಟರಿಗೆ ಬಂದಿದೆಯೋ 180ಕ್ಕೆ ಬಂದಿದೆಯೋ ಅಂತ ಕರೆಂಟ್ ನೋಡಿ ಹೇಳುವುದು ಕಷ್ಟ. ಹಾಗಾಗಿ ಚಿಪ್ ಬೇರೆ ದಾರಿ ಹಿಡಿಯುತ್ತದೆ. ಮೋಡ್ ಬದಲಿಸಿದರೆ ಮೋಟರಿನ ವೇಗ ಬದಲಾಗುತ್ತದೆ. ವೇಗ ಕಡಿಮೆಯಾದರೆ ಏಟಿನ ಜೋರೂ ಕಡಿಮೆ. ಪ್ರತಿ ಏಟಿಗೂ ಮೋಟರಿನ ವೇಗ ಒಂಚೂರು ಕುಸಿಯುತ್ತದೆ, ಆ ಕುಸಿತ ನೋಡಿ ಏಟು ಶುರುವಾಯ್ತು ಅಂತ ತಿಳಿದುಕೊಂಡು, ಇಷ್ಟು ಏಟು ಅಥವಾ ಇಷ್ಟು ಹೊತ್ತು ಆದ ಮೇಲೆ ನಿಲ್ಲಿಸುತ್ತದೆ. ಕೆಲವು ಒಳ್ಳೆ ಗನ್ನುಗಳು ಇನ್ನೂ ಒಂದು ಹೆಜ್ಜೆ ಮುಂದೆ. ಎರಡು ಏಟಿನ ನಡುವೆ ಸುತ್ತಿಗೆ ಅರ್ಧ ಸುತ್ತಿಗಿಂತ ಎಷ್ಟು ಜಾಸ್ತಿ ತಿರುಗಿತು ಅಂತ ಲೆಕ್ಕ ಹಾಕುತ್ತವೆ. ಆ ಜಾಸ್ತಿ ಭಾಗವೇ ನಟ್ ತಿರುಗಿದ್ದು. ತುಂಬಾ ಚೆಂದದ ಯೋಚನೆ ಅದು. ಆದರೂ ಲೆಕ್ಕ ಅಂದಾಜಿನದ್ದೇ.

ಯಾಕೆ ಅಂದರೆ ಸುತ್ತಿಗೆ ಹೊಡೆದದ್ದೆಲ್ಲ ನಟ್ಟಿಗೆ ತಲುಪುವುದಿಲ್ಲ. ಉದ್ದದ ಎಕ್ಸ್‌ಟೆನ್ಶನ್ ರಾಡ್ ಹಾಕಿದರೆ ಅದು ತಿರುಚಿಕೊಂಡು ಏಟು ನುಂಗುತ್ತದೆ. ಸವೆದ ಸಾಕೆಟ್ಟೂ ಹಾಗೆಯೇ. ನಮ್ಮ ಮಳೆಗೆ ಸ್ಟಡ್ ತುಕ್ಕು ಹಿಡಿದಿದ್ದರೆ ನಟ್ ಕೂರುವ ಮೊದಲೇ ಏಟು ಶುರು. ಚಿಪ್ ಆಗಲೇ ಎಣಿಸಲು ಶುರು ಮಾಡಿ, ಚಕ್ರ ಪೂರ್ತಿ ಹಿಡಿಯುವ ಮೊದಲೇ ನಿಲ್ಲಿಸುತ್ತದೆ. ನಿಮ್ಮ ಲೂಸ್ ನಟ್ಟಿಗೆ ನನ್ನ ಅನುಮಾನ ಇದರ ಮೇಲೆಯೇ. ಕಟ್ಟಾದ ಸ್ಟಡ್ಡಿಗೆ ಎಣ್ಣೆ, ಗ್ರೀಸ್ ಏನಾದರೂ ಹಚ್ಚಿದ್ರಾ?

ಪ್ರಶ್ನೆ ಕೇಳಿದವರು:
ಹೌದಣ್ಣ. ಮಳೆಗಾಲ ಅಲ್ವಾ, ತುಕ್ಕು ಹಿಡಿಯಬಾರದು ಅಂತ ಗ್ರೀಸ್ ಹಚ್ಚಿದ್ದೆ.

ಉತ್ತರ:
ಅಲ್ಲೇ ಆಗಿರುವುದು. ನಟ್ ತಿರುಗಿಸಲು ಹಾಕುವ ಬಲದಲ್ಲಿ ಸುಮಾರು 10 ಪಾಲಿನಲ್ಲಿ 9 ಪಾಲು ತ್ರೆಡ್ಡಿನ ಮತ್ತು ನಟ್ಟಿನ ಅಡಿಯ ಉಜ್ಜಾಟಕ್ಕೇ ಹೋಗುತ್ತದೆ. ಚಕ್ರ ಹಿಡಿದಿಡುವುದು ಉಳಿದ ಒಂದು ಪಾಲು. ಗ್ರೀಸ್ ಹಚ್ಚಿ ಉಜ್ಜಾಟ ಕಡಿಮೆ ಮಾಡಿದರೆ ಅಷ್ಟೇ ಟಾರ್ಕಿಗೆ ಸ್ಟಡ್ ಎಷ್ಟೋ ಜಾಸ್ತಿ ಎಳೆಸಿಕೊಳ್ಳುತ್ತದೆ. ಮ್ಯಾನುಯಲ್ಲಿನ ಅಂಕಿ ಸಾಮಾನ್ಯವಾಗಿ ಒಣ ತ್ರೆಡ್ಡಿಗೆ ಕೊಟ್ಟದ್ದು. ವೈರ್ ಬ್ರಶ್ ಹಾಕಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಸಾಕು. ಕಟ್ಟಾದ ಸ್ಟಡ್ಡಿನ ಜೊತೆಗಾರರನ್ನೂ ಒಮ್ಮೆ ನೋಡಿ, ನಟ್ ಕೈಯಲ್ಲಿ ಸಲೀಸಾಗಿ ಓಡದಿದ್ದರೆ ತ್ರೆಡ್ ಎಳೆದಿದೆ ಅಂತ ಲೆಕ್ಕ.

ನಾನು ಮಾಡುವುದು ಹೀಗೆ. ಮೊದಲು ನಟ್ ಮೂರು ನಾಲ್ಕು ಸುತ್ತು ಬೆರಳಲ್ಲೇ. ಆಮೇಲೆ ಗನ್ ಸಣ್ಣ ಮೋಡಿನಲ್ಲಿ, ಒಂದು ಬಿಟ್ಟು ಒಂದು ನಟ್, ಟಕಟಕ ಶಬ್ದ ಶುರುವಾದ ಕೂಡಲೇ ಬೆರಳು ಬಿಡುವುದು. ಜಾಕ್ ಇಳಿಸಿ ಕೊನೆಯ ಬಿಗಿ ಟಾರ್ಕ್ ವ್ರೆಂಚಿನಲ್ಲಿ (ಇಟ್ಟ ಅಳತೆಗೆ ಬಂದಾಗ ಕ್ಲಿಕ್ ಅನ್ನುವ ಪಾನಾ). ಸಣ್ಣ ಕಾರುಗಳಿಗೆ ಹೆಚ್ಚಾಗಿ 85ರಿಂದ 120 ನ್ಯೂಟನ್ ಮೀಟರ್ ಒಳಗೆ ಇರುತ್ತದೆ, ಆ ಗಾಡಿಯ ಮ್ಯಾನುಯಲ್ ನೋಡಿಯೇ ಇಡಿ. ಒಂದು ಮಾತು ನೆನಪಿಡಿ: ವ್ರೆಂಚ್ ಹಾಕಿದಾಗ ನಟ್ ಸ್ವಲ್ಪ ತಿರುಗಿ ಕ್ಲಿಕ್ ಆಗಬೇಕು. ತಿರುಗದೇ ಕ್ಲಿಕ್ ಅಂದರೆ ಗನ್ ಆಗಲೇ ಜಾಸ್ತಿ ಹೊಡೆದಿರಬಹುದು. ಬಿಚ್ಚಿ ಮತ್ತೆ ಹಾಕಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಗಿರಾಕಿಯನ್ನು ಕರೆದು ಇನ್ನೊಮ್ಮೆ ವ್ರೆಂಚ್ ಹಾಕಿಕೊಡಿ. ಘಾಟಿ ಇಳಿಯುವ ಗಾಡಿಗಳಿಗೆ ಇದನ್ನು ತಪ್ಪಿಸಲೇಬೇಡಿ.

ಬಿಚ್ಚುವ ಕಡೆ ಆಟೋ ಸ್ಟಾಪ್ ಧೈರ್ಯವಾಗಿ ಬಳಸಿ. ನಟ್ ಸಡಿಲಾದ ಕೂಡಲೇ ಏಟು ನಿಂತು ಮೋಟರ್ ವೇಗ ಏರುತ್ತದೆ, ಚಿಪ್ಪಿಗೆ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ನಟ್ ಹಾರಿ ಚರಂಡಿಗೆ ಬೀಳುವುದಿಲ್ಲ.

ಇನ್ನೊಬ್ಬರು (ಸಾಗರದಿಂದ):
ಅಣ್ಣ, ಅಡಿಕೆ ಒಣಗಿಸುವ ಶೆಡ್ಡಿಗೆ ಶೀಟ್ ಹಾಕಿಸಿದೆವು. ಹುಡುಗರು ಸ್ಕ್ರೂ ಎಲ್ಲಾ ಇಂಪ್ಯಾಕ್ಟ್ ಡ್ರೈವರಲ್ಲೇ (ಇದೇ ಥರ ಏಟು ಹಾಕುವ ಸ್ಕ್ರೂ ಗನ್) ಹೊಡೆದರು. ಈಗ ಸ್ಕ್ರೂ ಇರುವ ಕಡೆಯೆಲ್ಲ ಸೋರುತ್ತಿದೆ. ಇದೂ ಅದೇ ಕಥೆಯಾ?

ಉತ್ತರ:
ಅದೇ ಅಕ್ಕ. ಹತ್ತಿ ನೋಡಿಸಿ. ವಾಷರಿನ ಅಡಿಯ ಕಪ್ಪು ರಬ್ಬರ್ ಹೊರಗೆ ಹಿಚುಕಿಕೊಂಡು ಬಂದಿದ್ದರೆ ಅಥವಾ ಶೀಟ್ ಬಟ್ಟಲಿನ ಹಾಗೆ ತಗ್ಗಾಗಿದ್ದರೆ ಜಾಸ್ತಿ ಬಿಗಿದಿದ್ದಾರೆ. ಆ ತಗ್ಗಲ್ಲೇ ನೀರು ನಿಲ್ಲುತ್ತದೆ. ಅಂಥ ಸ್ಕ್ರೂ ಬಿಚ್ಚಿ, ಒಂದು ಸೈಜ್ ದಪ್ಪದ್ದು, ಹೊಸ ರಬ್ಬರಿನ ಜೊತೆ ಹಾಕಿಸಿ. ಈ ಕೆಲಸಕ್ಕೆ ಕ್ಲಚ್ ಇರುವ ಡ್ರಿಲ್ ಒಳ್ಳೆಯದು, ಮೂತಿಯ ಹತ್ತಿರ ಅಂಕಿ ಬರೆದ ಬಳೆ ಇರುತ್ತದಲ್ಲ, ಅದು; ಇಟ್ಟಷ್ಟು ಬಿಗಿಯಾದ ಕೂಡಲೇ ಕ್ಲಚ್ ಜಾರುತ್ತದೆ. ಸಣ್ಣ ಅಂಕಿಯಿಂದ ಶುರು ಮಾಡಲಿ. ರಬ್ಬರ್ ವಾಷರಿನ ಅಂಚಿಗೆ ಬಂದು ಇಣುಕಿದರೆ ಸಾಕು, ಅಲ್ಲಿಗೆ ನಿಲ್ಲಿಸಬೇಕು. ಮಳೆ ಬಿಡುವು ಕೊಟ್ಟ ದಿನ, ಶೀಟ್ ಒಣಗಿದ ಮೇಲೆಯೇ ಹುಡುಗರನ್ನು ಹತ್ತಿಸಿ, ಪಾಚಿ ಜಾರುತ್ತದೆ.